ಮೂತ್ರದ ಬಾಟಲಿ ಯಾರ ಕೈಯಲ್ಲಿರಬೇಕು?

ಕಾಲೇಜುಗಳಲ್ಲಿ ವಿದ್ಯಾರ್ಥಿಗಳ ಮಾದಕವಸ್ತು ಪರೀಕ್ಷೆ ನಡೆಯಬೇಕೆಂದು ಮಂಗಳೂರು ನಗರ ಪೊಲೀಸರು 2025ರಲ್ಲಿ ಮುಂದಾದಾಗ ವಿರೋಧಿಸಿದವರು ಕಡಿಮೆ. ಅದಕ್ಕೆ ಕಾರಣವೂ ಇತ್ತು. ಆ ವರ್ಷದ ಮಾರ್ಚ್‌ನಲ್ಲಷ್ಟೇ ಮಂಗಳೂರಿನ ಸಿಸಿಬಿ ಪೊಲೀಸರು ಬೆಂಗಳೂರಿಗೆ ಹೋಗಿ, ದಕ್ಷಿಣ ಆಫ್ರಿಕಾದ ಇಬ್ಬರು ಮಹಿಳೆಯರಿಂದ 37 ಕಿಲೋಗೂ ಮಿಕ್ಕಿ ಎಂಡಿಎಂಎ ಹಿಡಿದಿದ್ದರು. ಅದರ ಮೌಲ್ಯ 75 ಕೋಟಿ ರೂಪಾಯಿ ಎಂದು ಪೊಲೀಸರೇ ಹೇಳಿದ್ದರು. ಹೀಗಿರುವಾಗ ಪರೀಕ್ಷೆಯೇ ಬೇಡ ಎನ್ನುವುದು ಕಷ್ಟ, ನಾನೂ ಹಾಗೆನ್ನುವುದಿಲ್ಲ. ಆದರೆ ನಮ್ಮ ಜಿಲ್ಲೆಯ ಕಬಡ್ಡಿ, ವಾಲಿಬಾಲ್, ಫುಟ್ಬಾಲ್ ತಂಡಗಳ ಆಟಗಾರರಲ್ಲಿ ಬಹಳ ಮಂದಿ ಕಾಲೇಜು ಹುಡುಗರೇ. ಮೂಡುಬಿದಿರೆ ಠಾಣೆ ನಗರ ಕಮಿಷನರೇಟಿಗೆ ಸೇರಿದ್ದು. ಬಂಟ್ವಾಳ, ಬೆಳ್ತಂಗಡಿ ಜಿಲ್ಲಾ ಎಸ್ಪಿಯವರ ವ್ಯಾಪ್ತಿಯವು. ಮೂಡುಬಿದಿರೆಯಲ್ಲಿ ಓದಿ, ಶನಿವಾರ ರಾತ್ರಿ ಬಂಟ್ವಾಳದ ಬಿ.ಸಿ.ರೋಡಿನ ಹೊನಲು ಬೆಳಕಿನ ಪಂದ್ಯಾಟಕ್ಕೆ ಇಳಿಯುವ ಹುಡುಗ ವಾರದಲ್ಲಿ ಒಂದು ನಿಯಮಕ್ಕೆ ಒಳಪಟ್ಟವನು, ವಾರಾಂತ್ಯದಲ್ಲಿ ಯಾವ ನಿಯಮಕ್ಕೂ ಒಳಪಡದವನು. ಕಾಲೇಜಿನ ಪರೀಕ್ಷೆ ನಾಳೆ ಅಂಗಣಕ್ಕೂ ಬರುವುದು ಸಹಜ. ಬರುವುದಕ್ಕೆ ಮೊದಲೇ ತೀರ್ಮಾನವಾಗಬೇಕಾದ ಮಾತೊಂದಿದೆ: ಆ ಮೂತ್ರದ ಬಾಟಲಿ ಯಾರ ಕೈಯಲ್ಲಿರಬೇಕು? ವೈದ್ಯರ ಕೈಯಲ್ಲಿ, ಪೊಲೀಸರ ಕೈಯಲ್ಲಲ್ಲ ಎಂಬುದು ನನ್ನ ವಾದ.

ಉದ್ದೀಪನ ಮದ್ದು ಬೇರೆ, ನಶೆ ಬೇರೆ. ಎರಡನ್ನೂ ‘ಡ್ರಗ್ಸ್’ ಎಂದೇ ಕರೆಯುವುದರಿಂದ ನಮ್ಮಲ್ಲಿ ಚರ್ಚೆ ಹದಗೆಡುತ್ತದೆ. ಉದ್ದೀಪನ ಎಂದರೇನೆಂದು ಕರಾವಳಿಗೆ ಹೇಳಿಕೊಡಬೇಕಾಗಿಲ್ಲ. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ರಿಲೇಯಲ್ಲೂ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲೂ ಚಿನ್ನ ತಂದ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ 2011ರಲ್ಲಿ ಸ್ಟೀರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಉಕ್ರೇನಿನ ಕೋಚ್ ಕೊಟ್ಟ ಜಿನ್ಸೆಂಗ್ ಗುಳಿಗೆಯೇ ಇದಕ್ಕೆ ಕಾರಣ ಎಂಬುದು ಅವರ ವಾದವಾಗಿತ್ತು. ಇಲ್ಲಿ ಒಂದು ವರ್ಷ ಇದ್ದ ನಿಷೇಧವನ್ನು ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ 2012ರಲ್ಲಿ ಎರಡು ವರ್ಷಕ್ಕೆ ಏರಿಸಿತು. ಅಂಥ ಮದ್ದು ಎದುರಾಳಿಗೆ ಮಾಡುವ ಮೋಸ, ಅಲ್ಲಿ ಶಿಕ್ಷೆ ಕಠಿಣವಾಗಿಯೇ ಇರಬೇಕು. ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ ನಾಡಾ ಇರುವುದೂ ಅದಕ್ಕಾಗಿ. 2024ರಲ್ಲಿ ಭಾರತದ 7,113 ಮಾದರಿಗಳಲ್ಲಿ 260 ಪಾಸಿಟಿವ್ ಬಂದಿರುವಾಗ ಆ ಕೆಲಸವೇ ಬೆಟ್ಟದಷ್ಟಿದೆ. ಆದರೆ ಗಾಂಜಾ ಸೇದಿದ ಕಬಡ್ಡಿ ರೈಡರ್ ಎದುರಾಳಿಗೆ ಮೋಸ ಮಾಡುತ್ತಿಲ್ಲ, ತನ್ನನ್ನೇ ಹಾಳುಮಾಡಿಕೊಳ್ಳುತ್ತಿದ್ದಾನೆ. ಈ ವ್ಯತ್ಯಾಸವನ್ನು ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾವೇ ಒಪ್ಪಿಕೊಂಡಿದೆ. ಗಾಂಜಾ, ಕೊಕೇನ್ ಅದರ ಪಟ್ಟಿಯಲ್ಲಿ ಸ್ಪರ್ಧೆಯ ಸಮಯಕ್ಕಷ್ಟೇ ನಿಷಿದ್ಧ. ಸ್ಪರ್ಧೆಯ ಹೊರಗೆ, ಆಟಕ್ಕೆ ಸಂಬಂಧವಿಲ್ಲದೆ ಸೇವಿಸಿದ್ದು ಎಂದು ಆಟಗಾರ ಸಾಬೀತುಪಡಿಸಿದರೆ 2021ರ ಸಂಹಿತೆಯ ಪ್ರಕಾರ ನಿಷೇಧ ಮೂರು ತಿಂಗಳು. ಚಿಕಿತ್ಸೆ ಪೂರೈಸಿದರೆ ಒಂದೇ ತಿಂಗಳು. ದಕ್ಷಿಣ ಆಫ್ರಿಕಾದ ಕ್ರಿಕೆಟಿಗ ಕಗಿಸೊ ರಬಾಡ 2025ರ ಐಪಿಎಲ್ ನಡುವೆ ಊರಿಗೆ ಹೋಗಿ ಮರಳಿದ್ದು ಈ ನಿಯಮದಡಿ.

ವಾರದ ನಡುವೆ ನಶೆ ಮಾಡುವ ಆಟಗಾರನನ್ನು ವಾಡಾ ಮುಟ್ಟುವುದಿಲ್ಲವಾದ್ದರಿಂದ ಆಸ್ಟ್ರೇಲಿಯದ ಫುಟ್ಬಾಲ್ ಲೀಗ್ ಎಎಫ್ಎಲ್ 2005ರಲ್ಲಿ ತನ್ನದೇ ನೀತಿ ಮಾಡಿತು. ಮೊದಲ ಸಲ ಸಿಕ್ಕಿಬಿದ್ದರೆ ಹೆಸರು ವೈದ್ಯರಲ್ಲೇ ಉಳಿಯುತ್ತದೆ, ಆಪ್ತಸಮಾಲೋಚನೆ ಸಿಗುತ್ತದೆ. ಮತ್ತೆ ಮತ್ತೆ ಸಿಕ್ಕಿಬಿದ್ದರೆ ಮಾತ್ರ ಬಹಿರಂಗ, ಅಮಾನತು. ಆಟಗಾರರು ಒಪ್ಪಿಕೊಂಡು ಬಂದ ವ್ಯವಸ್ಥೆ ಅದು. 2024ರ ಮಾರ್ಚ್‌ನಲ್ಲಿ ಸಂಸದ ಆಂಡ್ರ್ಯೂ ವಿಲ್ಕಿ ಸಂಸತ್ತಿನಲ್ಲಿ ಎದ್ದುನಿಂತು ಇದರ ಒಳಮಗ್ಗುಲನ್ನು ಹೊರಗೆಳೆದರು. ಪಂದ್ಯಕ್ಕೆ ಮುಂಚೆ ಗುಟ್ಟಾಗಿ ಪರೀಕ್ಷೆ ನಡೆಯುತ್ತದೆ, ಪಾಸಿಟಿವ್ ಬಂದವರನ್ನು ಗಾಯದ ಸುಳ್ಳು ನೆಪ ಹೇಳಿ ಹೊರಗಿಡುತ್ತಾರೆ ಎಂಬುದು ಆರೋಪ. ಕ್ಲಬ್ ವೈದ್ಯರು ಅಂಥ ಪರೀಕ್ಷೆ ಮಾಡುವುದುಂಟು ಎಂದು ಲೀಗ್ ಒಪ್ಪಿಕೊಂಡಿತು, ತಪ್ಪೇನೂ ಇಲ್ಲ ಎಂದೂ ವಾದಿಸಿತು. ಅದು ಅರ್ಧ ಸರಿ. ನಶೆಯಲ್ಲಿರುವವನನ್ನು ವೈದ್ಯರು ಅಂಗಣದಿಂದ ದೂರವಿಡಲೇಬೇಕು, ಕಾರಣವನ್ನು ಊರಿಗೆಲ್ಲ ಸಾರಬೇಕಾಗಿಯೂ ಇಲ್ಲ. ಆದರೆ ಕಾರಣ ಹೇಳದಿರುವುದಕ್ಕೂ ಇಲ್ಲದ ಮಂಡಿನೋವು ಹುಟ್ಟಿಸುವುದಕ್ಕೂ ಬಹಳ ದೂರವಿದೆ. ಎಎಫ್ಎಲ್‌ನ ಗೋಪ್ಯತೆ ನಾವು ಕಲಿಯಬೇಕಾದದ್ದು, ಆ ಸುಳ್ಳು ಕಲಿಯಬಾರದ್ದು.

ಗೋಪ್ಯತೆ ಎಂದೊಡನೆ ನಮ್ಮಲ್ಲಿ ಏಳುವ ಆಕ್ಷೇಪ ಒಂದೇ: ತಪ್ಪು ಮಾಡಿದವನನ್ನು ಮುಚ್ಚಿಡುವುದೇಕೆ, ಪೊಲೀಸರಿಗೆ ಕೊಟ್ಟರೆ ಉಳಿದವರಿಗೆ ಬುದ್ಧಿ ಬರುತ್ತದಲ್ಲ? ಹಾಗೆ ಕೊಡುವ ಪರೀಕ್ಷೆಯ ಯೋಗ್ಯತೆಯನ್ನು ಮೊದಲು ನೋಡೋಣ. ಸ್ಥಳದಲ್ಲೇ ಫಲಿತಾಂಶ ಹೇಳುವ ಮೂತ್ರದ ಕಿಟ್ ಒಂದು ಅಂದಾಜು ಮಾತ್ರ. ಕೊಡೀನ್ ಇರುವ ಕೆಮ್ಮಿನ ಔಷಧ ಕುಡಿದವನೂ ಅದರಲ್ಲಿ ಅಫೀಮಿನವನಾಗಬಹುದು. ಪ್ರಯೋಗಾಲಯದಲ್ಲಿ ಖಚಿತಪಡಿಸಿಕೊಳ್ಳದೆ ಅದು ಸಾಕ್ಷ್ಯವಲ್ಲ. ನಾಡಾ ಮುಂದೆ ನಿಲ್ಲುವ ಕ್ರೀಡಾಪಟುವಿಗೆ ‘ಬಿ’ ಮಾದರಿಯ ಹಕ್ಕಿದೆ, ವಿಚಾರಣೆಯಿದೆ, ಮೇಲ್ಮನವಿಯಿದೆ. ಕಿಟ್ ಹಿಡಿದು ನಿಂತ ಹುಡುಗನಿಗೆ ಇರುವುದು ಸುತ್ತಲಿನವರ ಮೊಬೈಲ್ ಕ್ಯಾಮೆರಾ ಮಾತ್ರ. ಇನ್ನೂ ದೊಡ್ಡ ಅಪಾಯ ಬೇರೆಯೇ ಇದೆ. ನಿತ್ಯ ಗಾಂಜಾ ಸೇದುವವನ ಮೂತ್ರದಲ್ಲಿ ಅದರ ಕುರುಹು ವಾರಗಟ್ಟಲೆ ಉಳಿಯುತ್ತದೆ. ಎಂಡಿಎಂಎ, ಕೊಕೇನ್ ಕೆಲವೇ ದಿನಗಳಲ್ಲಿ ತೊಳೆದುಹೋಗುತ್ತವೆ. ಬರೀ ಹಿಡಿಯುವುದೇ ಗುರಿಯಾದ ಪರೀಕ್ಷೆ ಗಾಂಜಾ ಬಿಟ್ಟು ಎಂಡಿಎಂಎ ಹಿಡಿ ಎಂದು ಹುಡುಗರಿಗೆ ಹೇಳಿಕೊಟ್ಟಂತೆ. ಕಳ್ಳನನ್ನು ಓಡಿಸಿ ದರೋಡೆಕೋರನಿಗೆ ಬಾಗಿಲು ತೆರೆಯುವ ಜಾಣತನ ಇದು.

ಬಳಕೆದಾರ ಸಿಕ್ಕಿದರೆ ಮಾರುವವನ ಜಾಡು ಸಿಗುತ್ತದೆ ಎಂಬ ಪೊಲೀಸ್ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಆ 37 ಕಿಲೋ ಪ್ರಕರಣದ ಎಳೆ ಶುರುವಾದದ್ದು 2024ರಲ್ಲಿ ಮಂಗಳೂರಿನ ಪಂಪ್‌ವೆಲ್‌ನಲ್ಲಿ ಸಿಕ್ಕ ಒಬ್ಬ ಮಾರಾಟಗಾರನಿಂದ, ಯಾವ ವಿದ್ಯಾರ್ಥಿಯ ಮೂತ್ರದಿಂದಲೂ ಅಲ್ಲ. ಮಾರುವವರ ಬೆನ್ನು ಹತ್ತಲು ಪೊಲೀಸರಿಗೆ ಆಟಗಾರರ ವೈದ್ಯಕೀಯ ಕಡತ ಬೇಕಾಗಿಲ್ಲ. ಇನ್ನು ಕಾನೂನನ್ನೇ ನೋಡಿದರೆ, 1985ರ ಎನ್‌ಡಿಪಿಎಸ್ ಕಾಯ್ದೆಯ 27ನೇ ಸೆಕ್ಷನ್ ಸೇವನೆಗೆ ಒಂದು ವರ್ಷದವರೆಗೆ ಜೈಲು ಎನ್ನುತ್ತದೆ ನಿಜ. ಅದೇ ಕಾಯ್ದೆಯ 64ಎ ಸೆಕ್ಷನ್, ಸ್ವಯಂಪ್ರೇರಣೆಯಿಂದ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಸೇರುವ ವ್ಯಸನಿಯ ಮೇಲೆ ಮೊಕದ್ದಮೆ ಬೇಡ ಎಂದೂ ಹೇಳುತ್ತದೆ. ಆರೋಪ ಹೊತ್ತವನಿಗೂ ಈ ಬಾಗಿಲು ತೆರೆದೇ ಇದೆ, ಆದರೆ ಠಾಣೆಯಿಂದ ಶುರುವಾಗುವ ಪರೀಕ್ಷೆ ಹುಡುಗರನ್ನು ಅದರಿಂದ ದೂರ ಓಡಿಸುತ್ತದೆ. ಸಿಕ್ಕಿಬೀಳುವ ಭಯದಲ್ಲಿ ಸ್ವಯಂಪ್ರೇರಣೆ ಎಲ್ಲಿಂದ ಬರಬೇಕು?

ಆಟಗಾರ ಮಾದರಿಯಾಗಿರಬೇಕು, ಅವನಿಗೆ ಮಾತ್ರ ರಿಯಾಯಿತಿ ಏಕೆ ಎಂದು ಕೇಳುವವರಿದ್ದಾರೆ. ರಿಯಾಯಿತಿ ಯಾರಿಗೂ ಇಲ್ಲ: ಪಂದ್ಯದ ದಿನ ಪಾಸಿಟಿವ್ ಬಂದವನು ಆಡಬಾರದು, ಎರಡನೆಯ ಸಲಕ್ಕೆ ಋತು ಪೂರ್ತಿ ಹೊರಗೆ, ಮಾರಿದವನು ಶಾಶ್ವತವಾಗಿ ಹೊರಗೆ ಮತ್ತು ನೇರ ಠಾಣೆಗೆ. ಚಿಕಿತ್ಸೆ ಮೊದಲು ಎಂಬ ಮಾತು ನಮ್ಮ ಸೀಮೆಗೆ ಹೊಸದೂ ಅಲ್ಲ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳವನ್ನು ಕೇಂದ್ರವಾಗಿಟ್ಟುಕೊಂಡು ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರಗಳಲ್ಲಿ ಕುಡುಕನನ್ನು ಅಪರಾಧಿಯೆಂದು ಕೂರಿಸುವುದಿಲ್ಲ, ಮನೆಯವರನ್ನೂ ಕರೆಯುತ್ತಾರೆ, ಶಿಬಿರ ಮುಗಿದ ಮೇಲೆ ನವಜೀವನ ಸಮಿತಿಗಳು ಜೊತೆಗಿರುತ್ತವೆ. ಮದ್ಯ ಕಾನೂನುಬದ್ಧ, ಗಾಂಜಾ ಅಲ್ಲ ಎಂಬ ವ್ಯತ್ಯಾಸ ಇದ್ದೇ ಇದೆ. ಆದರೆ ಚಟ ಬಿಡಿಸುವ ದಾರಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಅಪ್ಪನ ಕುಡಿತಕ್ಕೆ ಶಿಬಿರ, ಮಗನ ಗಾಂಜಾಕ್ಕೆ ಲಾಕಪ್ಪು ಎನ್ನುವುದರಲ್ಲಿ ಯಾವ ನೀತಿ ಇದೆಯೋ ತಿಳಿಯದು.

ಹಾಗಾಗಿ ಬಿ.ಸಿ.ರೋಡಿನಿಂದ ಮೂಡುಬಿದಿರೆಯವರೆಗಿನ ಪಂದ್ಯಾಟ ಸಮಿತಿಗಳಿಗೂ ಕಾಲೇಜುಗಳ ಕ್ರೀಡಾ ವಿಭಾಗಗಳಿಗೂ ನನ್ನ ಕೋರಿಕೆ ಇಷ್ಟೇ. ವೇದಿಕೆಯ ಹಿಂದೆ ‘ಮಾದಕ ಮುಕ್ತ ಸಮಾಜ’ ಎಂಬ ಬ್ಯಾನರ್ ಕಟ್ಟುವ ಮೊದಲು ಒಂದು ಪುಟದ ನಿಯಮ ಬರೆಯಿರಿ: ಮಾದರಿ ತೆಗೆಯುವ ವೈದ್ಯರು ಯಾರು, ಖಚಿತಪಡಿಸುವ ಪ್ರಯೋಗಾಲಯ ಯಾವುದು, ಆಟಗಾರನ ಅಹವಾಲು ಕೇಳುವವರು ಯಾರು, ಫಲಿತಾಂಶ ಯಾರಿಗೆ ತಿಳಿಯುತ್ತದೆ, ಯಾರಿಗೆ ತಿಳಿಯುವುದಿಲ್ಲ. ಆ ಪುಟಕ್ಕೆ ಆಟಗಾರರ, ಹದಿನೆಂಟು ತುಂಬದವರಾದರೆ ಹೆತ್ತವರದೂ ಸಹಿ ಇರಲಿ. ಇಷ್ಟಕ್ಕೆ ಬರವಣಿಗೆಯಲ್ಲಿ ಉತ್ತರ ಕೊಡಲಾಗದ ಸಮಿತಿಗೆ ಆಟಗಾರನ ಮೂತ್ರ ಕೇಳುವ ಹಕ್ಕಿಲ್ಲ.