ಜೇಡಕ್ಕೆ ವಿಷ ಬೇಡ, ಪೊರಕೆ ಸಾಕು

“ಡಾಕ್ಟ್ರೇ, ಜೇಡ ಸಾಯಲು ಏನು ಹೊಡೆಯಬೇಕು?” ತಾಯಂದಿರು ನನ್ನಲ್ಲಿ ಆಗಾಗ ಕೇಳುವ ಪ್ರಶ್ನೆ ಇದು. ಏನೂ ಹೊಡೆಯಬೇಡಿ ಎಂದರೆ ಅವರಿಗೆ ಸಮಾಧಾನವಾಗುವುದಿಲ್ಲ.

ಕಳೆದ ಮಳೆಗಾಲದಲ್ಲಿ ಅರುವತ್ತು ದಾಟಿದ ಒಬ್ಬ ತಾಯಿ ಬಂದಿದ್ದರು. ಎದೆಯ ಎಡಭಾಗದಿಂದ ಬೆನ್ನಿನವರೆಗೆ ಪಟ್ಟಿ ಕಟ್ಟಿದಂತೆ ನೀರ್ಗುಳ್ಳೆಗಳು, ಸಹಿಸಲಾಗದ ಉರಿ. ‘ಜೇಡ ಉಚ್ಚೆ ಹೊಯ್ದಿದೆ’ ಎಂದು ಮನೆಯವರು ಆರು ದಿನ ಅರಿಶಿನ, ಎಣ್ಣೆ ಹಚ್ಚಿ ಕಾದಿದ್ದರು. ಮಗ ಸಿಟ್ಟಿನಿಂದ ಕೋಣೆಗಳಿಗೆಲ್ಲ ಸ್ಪ್ರೇ ಹೊಡೆದಿದ್ದ. ಉಬ್ಬಸವಿದ್ದ ಮೊಮ್ಮಗಳಿಗೆ ಅಂದು ರಾತ್ರಿಯಿಡೀ ಏದುಸಿರು.

ಆ ತಾಯಿಗೆ ಬಂದಿದ್ದು ಸರ್ಪಸುತ್ತು. ಹಿಂದೆಂದೋ ಬಂದುಹೋದ ಚಿಕನ್‌ಪಾಕ್ಸ್‌ನ ವೈರಸ್ ನರಗಳಲ್ಲಿ ಅಡಗಿದ್ದು, ಶರೀರದ ಶಕ್ತಿ ಕುಂದಿದಾಗ ಹೀಗೆ ಏಳುತ್ತದೆ. ಗುಳ್ಳೆ ಕಾಣಿಸಿದ 72 ಗಂಟೆಗಳೊಳಗೆ ವೈರಸ್ ನಿರೋಧಕ ಮಾತ್ರೆ ಆರಂಭಿಸಿದರೆ ಹೆಚ್ಚು ಪ್ರಯೋಜನ. ಅವರಿಗೆ ಆ ಸಮಯ ಮೀರಿತ್ತು. ಗುಳ್ಳೆ ಮಾಸಿದರೂ ನೋವು ತಿಂಗಳುಗಟ್ಟಲೆ ಉಳಿಯಿತು. ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ: ಶರೀರದ ಒಂದೇ ಪಕ್ಕದಲ್ಲಿ ಸಾಲುಗುಳ್ಳೆ ಎದ್ದರೆ ಮನೆಮದ್ದು ಹಚ್ಚುತ್ತಾ ಕೂರಬೇಡಿ. ಕಣ್ಣಿನ ಸುತ್ತ ಎದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಜೇಡದ ಮೇಲೆ ಹೊರಿಸುವ ಇನ್ನೊಂದು ತಪ್ಪೂ ಅದರದ್ದಲ್ಲ. ಮಳೆಗಾಲದಲ್ಲಿ ದೀಪಕ್ಕೆ ಬರುವ, ಕಪ್ಪು-ಕಿತ್ತಳೆ ಬಣ್ಣದ ಒಂದು ಪುಟ್ಟ ಹುಳು ಮೈಮೇಲೆ ಜಜ್ಜಿಹೋದರೆ ಚರ್ಮ ಗೀರಿದಂತೆ ಸುಟ್ಟು ಗುಳ್ಳೆಯಾಗುತ್ತದೆ. ಅದನ್ನು ಉಜ್ಜದೆ ಊದಿ ಓಡಿಸಿ. ಜಜ್ಜಿಹೋಗಿದ್ದರೆ ತಕ್ಷಣ ಸೋಪಿನಿಂದ ತೊಳೆಯಿರಿ.

ಇನ್ನು ಜೇಡದ ವಿಷಯ. ಮಾಡಿನ ಮೂಲೆಯಲ್ಲಿ ಬಲೆ ಹೆಣೆಯುವ ಉದ್ದ ಕಾಲಿನ ಜೇಡ, ಗೋಡೆಯಲ್ಲಿ ಜಿಗಿಯುವ ಪುಟ್ಟ ಜೇಡ, ಬಚ್ಚಲಿನಲ್ಲಿ ಓಡುವ ಅಂಗೈಯಗಲದ ಕಂದು ಜೇಡ ಇವೆಲ್ಲ ನಮ್ಮ ಮನೆಗಳ ಸಾಮಾನ್ಯ ಜೇಡಗಳು. ಇವುಗಳಿಂದ ಮನುಷ್ಯರಿಗೆ ಪ್ರಾಣಾಪಾಯವಿಲ್ಲ. ಬಲೆ ಕಟ್ಟದ ಆ ದೊಡ್ಡ ಜೇಡವಂತೂ ಜಿರಳೆಗಳನ್ನೇ ಬೇಟೆಯಾಡುತ್ತದೆ.

ಸ್ಪ್ರೇ ನೇರವಾಗಿ ತಾಗಿದರೆ ಜೇಡ ಸಾಯುತ್ತದೆ, ನಿಜ. ಆದರೆ ಗೋಡೆಗೆ ಹೊಡೆದಿಟ್ಟ ಔಷಧಿ ಜಿರಳೆಗೆ ತಾಗುವಷ್ಟು ಅದಕ್ಕೆ ತಾಗುವುದಿಲ್ಲ. ಅದು ಕಾಲಿನ ತುದಿಯಲ್ಲಿ ಮೈ ಎತ್ತಿ ನಡೆಯುತ್ತದೆ. ಔಷಧಿಯ ಗಾಳಿ ಕುಡಿಯುವವರು ನಿಮ್ಮ ಮಕ್ಕಳು. ಕಣ್ಣಿಗೆ ಕಾಣುವ ಜೇಡವನ್ನು ಕೊಲ್ಲಲೇಬೇಕೆಂದಿದ್ದರೆ ಪೊರಕೆಯ ಒಂದು ಏಟು ಸಾಕು. ಲೋಟ ಕವುಚಿ, ಅಡಿಗೆ ರಟ್ಟು ತೂರಿಸಿ ಹೊರಗೆ ಬಿಟ್ಟರೆ ಇನ್ನೂ ಒಳ್ಳೆಯದು.

ಸೌರ್ ಗುಹೆಯ ಪ್ರಸಂಗವನ್ನು ನೆನೆದು ಬಲೆಯನ್ನೂ ಮುಟ್ಟದ ಹಿರಿಯರಿದ್ದಾರೆ. ಅವರ ಭಾವನೆಗೆ ಗೌರವವಿದೆ. ಆದರೆ ಧೂಳು ಹಿಡಿದು ಜೋತಾಡುವ ಬಲೆ ಉಬ್ಬಸದವರಿಗೆ ಒಳ್ಳೆಯದಲ್ಲ. ಜೇಡವನ್ನು ಕೊಲ್ಲದೆಯೂ ಬಲೆ ತೆಗೆಯಬಹುದಲ್ಲವೇ?

ಪ್ರತಿ ಗುರುವಾರ, ಜುಮಾದ ಮುನ್ನಾದಿನ, ಉದ್ದ ಕೋಲಿಗೆ ಒದ್ದೆ ಬಟ್ಟೆ ಸುತ್ತಿ ಮೂಲೆಗಳನ್ನು ಒರೆಸಿ. ಬಲೆಯಲ್ಲಿರುವ ಮೊಟ್ಟೆಯ ಉಂಡೆಗಳನ್ನೂ ತೆಗೆದು ಹೊರಹಾಕಿ. ಕಪಾಟಿನ ಹಿಂಬದಿ, ಹಳೆಯ ರಟ್ಟಿನ ಪೆಟ್ಟಿಗೆಗಳನ್ನು ಮರೆಯಬೇಡಿ. ಮಗ್ರಿಬ್‌ಗೆ ಮೊದಲೇ ಕಿಟಕಿಯ ಬಲೆಪರದೆ ಮುಚ್ಚಿ, ರಾತ್ರಿ ಎಂಜಲು ಪಾತ್ರೆ ಉಳಿಸದಿದ್ದರೆ ನೊಣ, ಸೊಳ್ಳೆ, ಜಿರಳೆ ಕಡಿಮೆಯಾಗುತ್ತವೆ. ತಿನ್ನಲು ಏನೂ ಸಿಗದ ಮನೆಯಲ್ಲಿ ಜೇಡ ಏಕೆ ಉಳಿದೀತು?