ಒಟಿಪಿ ಮಗುವಿನ ಕೈಗೇ ಬಂದರೆ?
ಸಾಮಾಜಿಕ ಜಾಲತಾಣ ಬಳಸುವ ಮಕ್ಕಳಿಗೆ ವಯೋಮಿತಿ ಬೇಕು ಎಂದು ಕರ್ನಾಟಕ ಹೈಕೋರ್ಟ್ 2023ರ ಸೆಪ್ಟೆಂಬರ್‌ನಲ್ಲೇ ಮೌಖಿಕವಾಗಿ ಹೇಳಿತ್ತು. ಅದೇ ವರ್ಷದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 9ನೇ ಕಲಂ ಪ್ರಕಾರ, 18 ತುಂಬದವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕು, ಅದು ಪರಿಶೀಲಿಸಲು ಬರುವಂತಿರಬೇಕು. ಮಕ್ಕಳ ಬೆನ್ನುಹತ್ತಿ ಜಾಹೀರಾತು ತೋರಿಸುವಂತಿಲ್ಲ. ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ. ಕಾನೂನೇನೋ ಗಟ್ಟಿಯಾಗಿದೆ. ಆದರೆ ಹಿರೇಕೆರೂರು ತಾಲ್ಲೂಕಿನ ಚಿಕ್ಕೇರೂರಿನಂಥ ಊರುಗಳಲ್ಲಿ ಎಷ್ಟೋ ಮನೆಗೆ ಇರುವುದು ಒಂದೇ ಸ್ಮಾರ್ಟ್‌ಫೋನ್, ಸಿಮ್ ಅಪ್ಪನ ಹೆಸರಿನದು. ಅಪ್ಪ–ಅವ್ವ ಗೋವಿನಜೋಳದ ಹೊಲದಲ್ಲಿರುವಾಗ ಆರನೇ ತರಗತಿಯ ಹುಡುಗ ಹುಟ್ಟಿದ ವರ್ಷ 2000 ಎಂದು ಒತ್ತಿದರೆ ಸಾಕು, ಆಪ್ ತೆರೆದುಕೊಳ್ಳುತ್ತದೆ. ಪಾಲಕರ ಒಪ್ಪಿಗೆಗೆಂದು ಒಟಿಪಿ ಕಳಿಸಿದರೆ ಅದು ಬರುವುದೂ ಅವನ ಕೈಯಲ್ಲಿರುವ ಫೋನಿಗೇ. ಹಾಗೆಂದು ಕಂಡಕಂಡ ಆಪ್‌ಗೆಲ್ಲ ಆಧಾರ್ ಪ್ರತಿ ಒಪ್ಪಿಸುವುದು ಇನ್ನೊಂದು ಅಪಾಯ. ವಯಸ್ಸು 18 ತುಂಬಿದೆಯೋ ಇಲ್ಲವೋ ಎಂಬುದಷ್ಟೇ ಕಂಪನಿಗೆ ತಿಳಿದರೆ ಸಾಕು. ಒಂದೇ ಫೋನಿನ ಮನೆಯನ್ನು ಲೆಕ್ಕಕ್ಕೆ ಹಿಡಿಯದ ಪರಿಶೀಲನೆ ಹಳ್ಳಿಯ ಮಕ್ಕಳನ್ನು ಕಾಯಲಾರದು. ಕಂಪನಿಗಳೂ ಸರ್ಕಾರವೂ ಇದನ್ನು ಸರಿಪಡಿಸಲಿ. ಪಾಲಕರೇ, ಅಲ್ಲಿಯವರೆಗೆ ಫೋನಿನ ಪಾಸ್‌ವರ್ಡ್ ನಿಮ್ಮಲ್ಲೇ ಇರಲಿ. ಶಾಲೆಯ ಎಸ್‌ಡಿಎಂಸಿ ಸಭೆಯಲ್ಲಿ ಈ ಮಾತು ತಪ್ಪದೇ ಎತ್ತಿ.