ಕೂತು ಕೆಡುವ ಇಂಜಿನ್

ಕುಂದಗೋಳದಿಂದ ನವಲಗುಂದದವರೆಗೆ ಬೆನ್ನಿಹಳ್ಳದ ದಂಡೆಗುಂಟ ಹಿಂಗಾರಿ ಬಂತೆಂದರೆ ನೀರೆತ್ತುವ ಸಣ್ಣ ಇಂಜಿನ್‌ಗಳು ಮೂಲೆಯಿಂದ ಹೊರಬರುತ್ತವೆ. ಹತ್ತಿಗೆ, ಮೆಣಸಿನಕಾಯಿಗೆ ಔಷಧ ಹೊಡೆಯುವ ಬೆನ್ನಿನ ಪಂಪುಗಳು ಅದಕ್ಕೂ ಮೊದಲೇ ಇಳಿದಿರುತ್ತವೆ. ಹೋದ ಹಂಗಾಮಿನಲ್ಲಿ ನೆಟ್ಟಗೆ ಓಡಿದ್ದು ಈಗ ಎಷ್ಟು ಹಗ್ಗ ಎಳೆದರೂ ಉಸಿರೆತ್ತುವುದಿಲ್ಲ. ಆಗ ನಮ್ಮ ಕೈ ನೇರವಾಗಿ ಕಾರ್ಬೊರೇಟರಿನ ಸ್ಕ್ರೂಗಳಿಗೆ ಹೋಗುತ್ತದೆ. ಪೆಟ್ಟಿಗೆಯಲ್ಲಿ ಸುಮ್ಮನೆ ಕೂತಿದ್ದ ಇಂಜಿನ್ನಿನ ಸ್ಕ್ರೂ ತಾನಾಗಿ ತಿರುಗೀತು ಹೇಗೆ?

ಹೀಗೆ ಕೂತೇ ಕೆಡುವುದಕ್ಕೆ ಹಳೆಯ ಉದಾಹರಣೆಯೊಂದಿದೆ. ಸೋವಿಯತ್ ಕಾಲದ ಡಿಟಿ-54 ಚೈನ್ ಟ್ರ್ಯಾಕ್ಟರಿನಲ್ಲಿ 54 ಅಶ್ವಶಕ್ತಿಯ ಡೀಸೆಲ್ ಇಂಜಿನ್ನನ್ನು ಎಬ್ಬಿಸಲೆಂದೇ 10 ಅಶ್ವಶಕ್ತಿಯ, ಒಂದೇ ಸಿಲಿಂಡರಿನ ಪೆಟ್ರೋಲ್ ಇಂಜಿನ್ ಇರುತ್ತಿತ್ತು. ಅದರ ದುಡಿಮೆ ಕೆಲವೇ ನಿಮಿಷ. ಉಳಿದ ಹೊತ್ತೆಲ್ಲ ದೊಡ್ಡ ಇಂಜಿನ್ನಿನ ಕಾವಿನಲ್ಲಿ ಸುಮ್ಮನೆ ಕೂಡುವುದು. ಕಾರ್ಬೊರೇಟರಿನ ಬಟ್ಟಲಲ್ಲಿ ಉಳಿದ ಪೆಟ್ರೋಲ್ ಆರಿ, ಅಂಟು ಉಳಿಯುತ್ತಿತ್ತು. ನಮ್ಮ ಬೆನ್ನಿನ ಪಂಪಿಗೂ ಇದೇ ರೋಗ. ಟೂ-ಸ್ಟ್ರೋಕ್ ಆಗಿದ್ದರೆ ಇನ್ನೂ ಕಷ್ಟ: ಪೆಟ್ರೋಲ್ ಹಾರಿಹೋಗುತ್ತದೆ, ಅದರಲ್ಲಿ ಬೆರೆಸಿದ ಆಯಿಲ್ ಮಾತ್ರ ಜಿಗುಟಾಗಿ ತಳ ಹಿಡಿಯುತ್ತದೆ. ಒಂದು ಗ್ರಾಂ ಪೆಟ್ರೋಲಿಗೆ ಸುಮಾರು 15 ಗ್ರಾಂ ಗಾಳಿ ಎಂಬ ಲೆಕ್ಕ ಕಾಯುವ ಜೆಟ್ಟಿನ ತೂತು ಅತಿ ಸಣ್ಣದು. ಅಲ್ಲಿ ತೆಳ್ಳನೆಯ ಪೊರೆ ಕಟ್ಟಿದರೂ ಲೆಕ್ಕ ತಪ್ಪಿತು.

ಹಾಗಾಗಿ ಎಣ್ಣೆ ಬರುವ ದಾರಿಯಲ್ಲೇ ನಾವೂ ನಡೆಯಬೇಕು. ಹಗ್ಗ ಎಳೆದ ಮೇಲೆ ಪ್ಲಗ್ ಬಿಚ್ಚಿ ನೋಡಿ. ಒಣಗಿದ್ದರೆ ಎಣ್ಣೆ ಬರುತ್ತಿಲ್ಲ. ಒದ್ದೆಯಾಗಿದ್ದರೆ ಕಿಡಿ ಇಲ್ಲ, ಇಲ್ಲವೇ ಎಣ್ಣೆ ಹೆಚ್ಚಾಗಿದೆ. ಜೆಟ್ಟಿಗೆ ಉಕ್ಕಿನ ಸೂಜಿ ಹಾಕಿದರೆ ತೂತು ದೊಡ್ಡದಾಗಿ ಆ ಜೆಟ್ ಕೆಲಸಕ್ಕೆ ಬಾರದು; ಪೆಟ್ರೋಲಿನಲ್ಲಿ ನೆನೆಸಿ ಗಾಳಿ ಹೊಡೆಯುವುದೇ ಸರಿ. ಚಾಲೂ ಆಗಿ ಹತ್ತು ನಿಮಿಷಕ್ಕೆ ನಿಲ್ಲುವ ಇಂಜಿನ್ನಿನ ಕಥೆ ಬೇರೆ. ನಮ್ಮ ಎರೆಹೊಲದ ಧೂಳು ಟಾಕಿ ಮುಚ್ಚಳದ ಗಾಳಿತೂತಿಗೆ ಮೆತ್ತಿರುತ್ತದೆ. ಒಳಗೆ ಗಾಳಿ ಹೋಗದಿದ್ದರೆ ಎಣ್ಣೆ ಇಳಿಯುವುದಾದರೂ ಹೇಗೆ? ಅನುಭವಿ ಮೇಸ್ತ್ರಿ ಪಾನಾ ಮುಟ್ಟುವ ಮೊದಲೇ, "ಅಣ್ಣಾರ, ಟಾಕಿ ಮುಚ್ಚಳಾ ಒಂದೀಟು ಸಡ್ಲ ಮಾಡ್ರಿ" ಅನ್ನುತ್ತಾನೆ. ಆ ಮಾತಿಗೆ ನಾನು ಬಹಳ ಬೆಲೆ ಕೊಡುತ್ತೇನೆ.

ಪೆಟ್ರೋಲಿನಲ್ಲಿ ಎಬ್ಬಿಸಿ ಚಿಮಣಿ ಎಣ್ಣೆಯಲ್ಲಿ ಓಡಿಸುವ ಪಂಪುಸೆಟ್ಟಿಗೆ ಇನ್ನೊಂದು ನೇಮವಿದೆ. ಚಿಮಣಿ ಎಣ್ಣೆ ಉರಿ ಹಿಡಿಯುವಷ್ಟು ಆವಿ ಬಿಡಲು ಹೆಚ್ಚುಕಡಿಮೆ 35 ಡಿಗ್ರಿ ಕಾವು ಬೇಕು; ಪೆಟ್ರೋಲಿಗೆ ಚಳಿಯ ಹಂಗಿಲ್ಲ. ನಿಲ್ಲಿಸುವ ಮೊದಲು ಕಾಕ್ ತಿರುಗಿಸಿ ಕೆಲವು ನಿಮಿಷ ಪೆಟ್ರೋಲಿನಲ್ಲಿ ಓಡಿಸದಿದ್ದರೆ ಮರುದಿನದ ಚಳಿಗೆ ಬಟ್ಟಲಲ್ಲಿ ಬರೀ ಚಿಮಣಿ ಎಣ್ಣೆ. ತಳದ ಸ್ಕ್ರೂ ಬಿಚ್ಚಿ ಚೆಲ್ಲದೆ ಇಂಜಿನ್ ಏಳುವುದಿಲ್ಲ.

ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥೆನಾಲ್ ಇದೆ. ಅದು ಗಾಳಿಯ ತೇವ ಹೀರುತ್ತದೆ. ನೀರು ಹೆಚ್ಚಾದರೆ ಬೇರೆಯಾಗಿ ತಳಕ್ಕಿಳಿಯುತ್ತದೆ, ಅಲ್ಯುಮಿನಿಯಂ ಬಟ್ಟಲಿಗೆ ಬಿಳಿ ಹಿಟ್ಟು ಹಿಡಿಯುತ್ತದೆ. ತಿಂಗಳುಗಟ್ಟಲೆ ಎಣ್ಣೆ ತುಂಬಿ ಇಡುವ ರೂಢಿ ಇನ್ನು ನಡೆಯದು. ಟಾಕಿ ಬರಿದು ಮಾಡಿ, ಬಟ್ಟಲಲ್ಲಿ ಉಳಿದಷ್ಟನ್ನು ಉರಿಸಿ ಇಂಜಿನ್ ತಾನೇ ನಿಲ್ಲುವತನಕ ಬಿಡಬೇಕು. ಇದನ್ನು ಕಲಿಸಲು ಧಾರವಾಡದ ಕೃಷಿ ಮೇಳ ಒದಗದು; ಅದು ನಡೆಯುವ ಹೊತ್ತಿಗೆ ಪಂಪುಗಳು ಹೊಲದಲ್ಲಿರುತ್ತವೆ. ಸುಗ್ಗಿ ಮುಗಿದ ಮೇಲೆ ಹೋಬಳಿಯ ರೈತ ಸಂಪರ್ಕ ಕೇಂದ್ರಗಳು ಒಬ್ಬ ಮೇಸ್ತ್ರಿಯನ್ನು ಕರೆಸಿ, ರೈತರು ತಂದ ಪಂಪುಗಳನ್ನೇ ಬಿಚ್ಚಿಸಿ ಇದನ್ನು ಕಲಿಸಲಿ. ಅದಕ್ಕೆ ಬೇಕಾದದ್ದು ಒಂದು ಮೇಜು, ಒಂದು ಸ್ಕ್ರೂ ಡ್ರೈವರ್, ಅರ್ಧ ದಿನ.